ಕ್ಯಾಸೆಟ್ಟಿನ ಕೊನೆಯಲ್ಲಿ ಉಳಿದ ಜಾಗ

ರುದ್ರಪ್ಪ ಹೋಗಿ ಒಂದು ಮಳೆಗಾಲ ಕಳೆಯಿತು. ಬಣಕಲ್‌ನಲ್ಲಿ ಬಸ್ಸು ನಿಲ್ಲುವ ಜಾಗಕ್ಕೆ ಎದುರಾಗಿ ಅವನ ರೆಕಾರ್ಡಿಂಗ್ ಅಂಗಡಿ ಇತ್ತು. ಈಗ ಅಲ್ಲಿ ಮೊಬೈಲ್ ಕವರುಗಳನ್ನು ನೇತುಹಾಕಿದ್ದಾರೆ. ಹೈಸ್ಕೂಲು ಬಿಟ್ಟು ಮನೆಗೆ ಬರುವಾಗ ನನ್ನ ಕಾಲು ಈಗಲೂ ಆ ಕಡೆಗೇ ತಿರುಗುತ್ತದೆ. ಮೆಟ್ಟಿಲ ಹತ್ತಿರ ಬಂದ ಮೇಲೆ ನೆನಪಾಗಿ, ಅಲ್ಲೇ ಏನೋ ಕೆಲಸ ಇದ್ದವನ ಹಾಗೆ ಸುಮ್ಮನೆ ನಿಂತು, ರಸ್ತೆ ದಾಟುತ್ತೇನೆ.

ಊರಿನವರಿಗೆ ಅವನು ಮೈಕ್ ಸೆಟ್ ರುದ್ರಪ್ಪ. ಮದುವೆಗೆ, ಗಣಪತಿ ಕೂರಿಸುವುದಕ್ಕೆ, ಎಲೆಕ್ಷನ್ ಭಾಷಣಕ್ಕೆ ಸ್ಪೀಕರ್ ಕಟ್ಟುತ್ತಿದ್ದ. ಉಳಿದ ದಿನಗಳಲ್ಲಿ ಕ್ಯಾಸೆಟ್ ತುಂಬಿಸಿಕೊಡುತ್ತಿದ್ದ. ಮದುವೆಯಾಗಲಿಲ್ಲ. ತಾಯಿ ಸಿದ್ದಗಂಗಮ್ಮ ಇರುವವರೆಗೆ ಮನೆಯಲ್ಲಿ ಮಲಗುತ್ತಿದ್ದ, ಅವರು ಹೋದ ಮೇಲೆ ಹೆಚ್ಚಾಗಿ ಅಂಗಡಿಯಲ್ಲೇ. ಅವನ ಬಗ್ಗೆ ಇಷ್ಟು ಹೇಳಿದರೆ ಸಾಕು ಎಂದು ಬಣಕಲ್‌ನ ಯಾರಾದರೂ ಹೇಳಿಯಾರು. ಆದರೆ ಅವನು ಹದಿನೈದು ವರ್ಷ ಒಂದು ಪ್ರಶ್ನೆಗಾಗಿ ಕಾಯುತ್ತ ಕೂತಿದ್ದ ಮನುಷ್ಯ. ಅದು ಊರಿಗೆ ಗೊತ್ತಿಲ್ಲ, ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದಲ್ಲಿ ಜನ ಅಂಗಡಿಗೆ ಖಾಲಿ ಕ್ಯಾಸೆಟ್ ತಂದು, ತಮಗೆ ಬೇಕಾದ ಹಾಡುಗಳ ಚೀಟಿ ಕೊಟ್ಟು ಹೋಗುತ್ತಿದ್ದರು. ಒಂದು ಬದಿಗೆ ಅರ್ಧ ಗಂಟೆ. ಕೇಳಿದ ಹಾಡುಗಳು ಆ ಅರ್ಧ ಗಂಟೆಗೆ ಎಂದೂ ಸರಿಯಾಗಿ ಕೂರುತ್ತಿರಲಿಲ್ಲ, ಕೊನೆಯಲ್ಲಿ ಒಂದಿಷ್ಟು ಜಾಗ ಉಳಿಯುತ್ತಿತ್ತು. ಬೇರೆ ಅಂಗಡಿಯವರು ಅದನ್ನು ಖಾಲಿ ಬಿಡುತ್ತಿದ್ದರು. ಇಲ್ಲವೇ ಇನ್ನೊಂದು ಸಿನಿಮಾ ಹಾಡು ಶುರುಮಾಡಿ ಟೇಪು ಮುಗಿದಲ್ಲಿಗೆ ಅದರ ಕುತ್ತಿಗೆ ಹಿಸುಕುತ್ತಿದ್ದರು. ರುದ್ರಪ್ಪ ಆ ಜಾಗದಲ್ಲಿ ಇಂಗ್ಲಿಷ್ ರಾಕ್ ಹಾಡು ಹಾಕುತ್ತಿದ್ದ. ಅದೂ ಹೆಸರು ಮಾಡಿದವರದ್ದಲ್ಲ. ಒಂದು ರೆಕಾರ್ಡ್ ತಂದು, ಯಾರೂ ಕೊಳ್ಳದೆ, ಮನೆಗೆ ಹೋದವರದ್ದು. ಚೀಟಿ ಕೊಟ್ಟವರನ್ನು ಕೇಳುತ್ತಿರಲಿಲ್ಲ, ಹೇಳುತ್ತಲೂ ಇರಲಿಲ್ಲ.

ಇದು ಶುರುವಾದದ್ದು ಒಂದು ಗದ್ದೆಯಿಂದ. ಬಣಕಲ್‌ನಿಂದ ಸ್ವಲ್ಪ ಆಚೆ ಒಂದು ದೊಡ್ಡ ಎಸ್ಟೇಟು ಕೈ ಬದಲಾಯಿತು. ಹೊಸಬರು ಬಂಗಲೆ ಖಾಲಿ ಮಾಡಿಸಿದಾಗ ಹಳೆಯ ಗ್ರಾಮಾಫೋನ್ ರೆಕಾರ್ಡುಗಳ ಒಂದು ಕಟ್ಟು ಹೊರಗೆ ಬಿತ್ತು. ಆ ಮನೆಯ ಮಗನೊಬ್ಬ ಎಪ್ಪತ್ತರ ಸುಮಾರಿಗೆ ಹೊರದೇಶದಲ್ಲಿ ಓದಿ ಬರುವಾಗ ತಂದಿದ್ದವಂತೆ. ಯಾರೋ ಅವನ್ನು ಒಯ್ದು ತಂತಿಯಲ್ಲಿ ಪೋಣಿಸಿ ತೆನೆ ಕಟ್ಟಿದ ಗದ್ದೆಯಲ್ಲಿ ನೇತುಹಾಕಿದರು. ಗಾಳಿಗೆ ತಿರುಗುತ್ತ ಬಿಸಿಲಿಗೆ ಫಳಕ್ ಅಂದರೆ ಗಿಣಿಗಳು ಹತ್ತಿರ ಬರುವುದಿಲ್ಲ. ಮೈಕ್ ಕಟ್ಟಿ ಸೈಕಲ್ಲಿನಲ್ಲಿ ಬರುತ್ತಿದ್ದ ರುದ್ರಪ್ಪ ಅದನ್ನು ನೋಡಿ, ಗದ್ದೆಗೆ ಇಳಿದು, ಅವುಗಳ ಬದಲಿಗೆ ಡಬ್ಬಗಳನ್ನು ಕಟ್ಟಿಕೊಡುತ್ತೇನೆಂದು ಗದ್ದೆಯವರನ್ನು ಒಪ್ಪಿಸಿ, ಎಲ್ಲವನ್ನೂ ಬಿಚ್ಚಿಕೊಂಡು ಬಂದ.

ಬಿಸಿಲಿಗೆ ಬಹಳಷ್ಟು ಹಪ್ಪಳದ ಹಾಗೆ ಸೊಟ್ಟಗಾಗಿದ್ದವು. ಎರಡು ಕಿಟಕಿ ಗಾಜಿನ ನಡುವೆ ಇಟ್ಟು, ಮೇಲೆ ರುಬ್ಬುವ ಕಲ್ಲು ಹೇರಿ ಅವನ್ನು ನೆಟ್ಟಗೆ ಮಾಡಲು ನೋಡಿದ. ಸಿದ್ದಗಂಗಮ್ಮನವರು ದೋಸೆಗೆ ಅಕ್ಕಿ ನೆನೆಹಾಕಿ ಕಲ್ಲು ಹುಡುಕಿದ ಕತೆಯನ್ನು ಅವನು ಆಗಾಗ ಹೇಳುತ್ತಿದ್ದ. ಕೊನೆಗೆ ಉಳಿದದ್ದು ಒಂದು ರೆಕಾರ್ಡು, ಅದರಲ್ಲಿ ಪೂರ್ತಿ ಕೇಳಿಸುತ್ತಿದ್ದದ್ದು ಒಂದು ಹಾಡು. ನಡುವಿನ ಕಾಗದ ಮಳೆಗೆ ತೊಳೆದುಹೋಗಿತ್ತು. ಹಾಡಿದವರು ಯಾರು, ಯಾವ ಊರವರು, ಏನೂ ಗೊತ್ತಿಲ್ಲ. ಅವನು ಅವರನ್ನು ‘ಗದ್ದೆಯವರು’ ಎಂದು ಕರೆದ.

ನನಗೂ ಅವನಿಗೂ ಸ್ನೇಹವಾದದ್ದು ಈ ಹಾಡಿನಿಂದ. ನಾನು ಬಣಕಲ್ ಹೈಸ್ಕೂಲಿಗೆ ಇಂಗ್ಲಿಷ್ ಮೇಷ್ಟ್ರಾಗಿ ಹೊಸದಾಗಿ ಬಂದಿದ್ದೆ. ಒಂದು ಸಂಜೆ ನನ್ನನ್ನು ಅಂಗಡಿಗೆ ಕರೆದು ಸ್ಟೂಲ್ ಕೊಟ್ಟು, “ಮೇಷ್ಟ್ರೇ, ಇವನು ಎಂತ ಹೇಳ್ತಾನೆ ಸ್ವಲ್ಪ ಕೇಳಿ ಹೇಳಿ” ಅಂದ. ಗಿಟಾರು ಮೆಲ್ಲಗೆ ಶುರುವಾಗುತ್ತದೆ. ಡ್ರಮ್ ಬರುವುದು ತಡವಾಗಿ, ಇನ್ನು ಬರುವುದೇ ಇಲ್ಲ ಅನ್ನಿಸಿದ ಮೇಲೆ. ದೋಣಿಗಟ್ಟೆಯಲ್ಲಿ ಒಬ್ಬ ಕಾಯುತ್ತಿದ್ದಾನೆ, ಬರುವವರು ಕೊನೆಯ ದೋಣಿಯಲ್ಲೂ ಬರುವುದಿಲ್ಲ, ಅಷ್ಟೇ ಅರ್ಥ. ಮೇಲಿನ ಸ್ವರಕ್ಕೆ ಏರುವಾಗ ಹಾಡುವವನ ದನಿ ಒಡೆಯುತ್ತದೆ. ಅದಾದ ಕೂಡಲೇ ತಂತಿ ಉಜ್ಜಿದ ಗೀರು ಸಿಕ್ಕಿ ರೆಕಾರ್ಡು ‘ಟಕ್’ ಅನ್ನುತ್ತದೆ.

“ದನಿ ಒಡೀತಲ್ಲ, ನೋಡಿದ್ರಾ?” ಅಂದ ರುದ್ರಪ್ಪ. “ಇನ್ನೊಂದ್ಸಲ ಹಾಡಿ ಸರಿಮಾಡಬಹುದಿತ್ತು. ಮಾಡ್ಲಿಲ್ಲ. ಹಾಗೇ ಬಿಟ್ಟಿದಾರೆ.”

ಅವನ ಮುಖದಲ್ಲಿ ಆಗ ಇದ್ದ ಸಂತೋಷವನ್ನು ನಾನು ಆಮೇಲೆ ಎಷ್ಟೋ ಸಲ ನೋಡಿದೆ. ಚಿಕ್ಕಮಗಳೂರಿನ ಗುಜರಿ ಅಂಗಡಿಗಳಿಂದ, ಪ್ಲಾಂಟರುಗಳ ಹಳೆಯ ಬಂಗಲೆಗಳಿಂದ, ಕಳಸಕ್ಕೆ ಮೈಕ್ ಕಟ್ಟಲು ಹೋದಾಗ ಯಾರದೋ ಅಟ್ಟದಿಂದ ಅವನು ಇಂಥ ರೆಕಾರ್ಡು, ಟೇಪುಗಳನ್ನು ಹುಡುಕಿ ತರುತ್ತಿದ್ದ. ಪ್ರಸಿದ್ಧರದ್ದು ಸಿಕ್ಕರೆ ಮಂಗಳೂರಿನ ಗಿರಾಕಿಗಳಿಗೆ ಕೊಟ್ಟುಬಿಡುತ್ತಿದ್ದ. “ಅವರಿಗೆ ನಾನ್ಯಾಕೆ? ಕೇಳೋರು ಬೇಕಾದಷ್ಟು ಜನ ಇದಾರೆ” ಅನ್ನುತ್ತಿದ್ದ. ಯಾರಿಗೂ ಬೇಡದವರನ್ನು ಮೇಲಿನ ಹಲಗೆಯಲ್ಲಿ ಧೂಳು ಕೂರದ ಹಾಗೆ ಬಟ್ಟೆ ಮುಚ್ಚಿ ಇಡುತ್ತಿದ್ದ. ಅವರಲ್ಲಿ ಕೆಲವರನ್ನು ಎರಡನೆಯ ಬದಿಯ ಕೊನೆಗೆ ಸರದಿಯಂತೆ ಹಾಕುತ್ತಿದ್ದ. ಮೊದಲನೆಯ ಬದಿಯ ಕೊನೆಯ ಜಾಗ ಮಾತ್ರ ಯಾವಾಗಲೂ ಗದ್ದೆಯವರಿಗೆ. ಹಾಡು ಪೂರ್ತಿ ಹಿಡಿಸದಿದ್ದರೆ ಗಿರಾಕಿಯ ಚೀಟಿಯಿಂದ ಒಂದು ಹಾಡನ್ನು ತೆಗೆದು ಎರಡನೆಯ ಬದಿಗೆ ದಾಟಿಸುತ್ತಿದ್ದ. ಗದ್ದೆಯವರನ್ನು ಎಂದೂ ತುಂಡರಿಸಲಿಲ್ಲ.

ದೂರುಗಳು ಬರುತ್ತಿದ್ದವು. ಪಕ್ಕದ ಹೋಟೆಲಿನ ಕೃಷ್ಣಪ್ಪ ಬೆಳಿಗ್ಗೆ ಹಾಕಲು ದೇವರ ಹಾಡು ತುಂಬಿಸಿಕೊಂಡಿದ್ದರು. ಮಾರನೇ ದಿನ ಹಿಟ್ಟಿನ ಕೈಯಲ್ಲೇ ಬಂದು ನಿಂತರು.

“ಅಲ್ಲ ಮಾರಾಯ, ಮಂಗಳಾರತಿ ಮುಗಿದ ಕೂಡ್ಲೇ ಅದ್ಯಾವನೋ ಹೊಟ್ಟೆನೋವು ಬಂದೋರ ಹಾಗೆ ಕೂಗ್ತಾನಲ್ಲ, ಯಾರವನು?”

ರುದ್ರಪ್ಪ ಎದ್ದು ನಿಂತ. “ಯಾರು ಅಂತ ಕೇಳ್ತಿದೀರಾ ಕೃಷ್ಣಪ್ಪಣ್ಣ?”

“ಕೇಳ್ತಿಲ್ಲ, ಬೈತಿದೀನಿ. ಇಡ್ಲಿ ತಿಂತಿದ್ದ ಗಿರಾಕಿ ಕೆಮ್ಮಿಬಿಟ್ಟ.”

ರುದ್ರಪ್ಪ ಮತ್ತೆ ಕೂತ. ಅವರು ಹೋದ ಮೇಲೆ ನನಗೆ ತಡೆಯಲಿಲ್ಲ. “ಹೇಳಬಹುದಿತ್ತಲ್ಲ ಮಾರಾಯ. ಇಂಥ ಹಾಡು, ಗದ್ದೆಯಲ್ಲಿ ಸಿಕ್ತು, ಒಂದ್ಸಲ ಸರಿಯಾಗಿ ಕೇಳಿ ಅಂತ.”

“ಅವರು ಕೇಳ್ಬೇಕು, ನಾಗೇಶ. ನಾನಾಗಿ ಹೇಳಿದ್ರೆ ಅದು ವ್ಯಾಪಾರ. ಹಾಡು ಹಿಡಿಸಿ, ತಡೀಲಾರದೆ, ಇದು ಯಾರದ್ದು ಅಂತ ಒಬ್ಬ ಬಂದು ಇಲ್ಲಿ ನಿಲ್ಬೇಕು. ಒಬ್ಬ ಸಾಕು.”

“ನಾನು ಕೇಳ್ತೀನಲ್ಲ?”

ಅವನು ನಕ್ಕ. “ನೀನು ನನಗೋಸ್ಕರ ಕೇಳ್ತೀಯ. ಹಾಡಿಗೋಸ್ಕರ ಅಲ್ಲ.”

ಅದು ನಿಜ. ಆ ಸಂಗೀತ ನನ್ನದಲ್ಲ. ಸಂಜೆ ಅವನ ಜೊತೆ ಕೂರುವುದು ನನಗೆ ಇಷ್ಟವಿತ್ತು, ಹಾಡು ಮುಗಿಯಲಿ ಎಂದೂ ಒಳಗೊಳಗೆ ಅನ್ನಿಸುತ್ತಿತ್ತು. ಅವನಿಗೆ ಅದು ಗೊತ್ತಿತ್ತು, ಬೇಸರ ಮಾಡಿಕೊಂಡಿರಲಿಲ್ಲ.

ಆ ಒಬ್ಬನು ಬಂದಾಗ ಏನು ಹೇಳಬೇಕೆಂದು ಮಾತ್ರ ಅವನು ಸಿದ್ಧಮಾಡಿಕೊಂಡಿದ್ದ. ಕೆಲಸವಿಲ್ಲದ ಮಳೆಯ ಮಧ್ಯಾಹ್ನಗಳಲ್ಲಿ ನನ್ನ ಮೇಲೆ ಅಭ್ಯಾಸ ಮಾಡುತ್ತಿದ್ದ. “ಮೊದಲು ಕೂತ್ಕೊಳ್ಳಿ. ನಿಂತ್ಕೊಂಡು ಕೇಳೋ ಕತೆ ಅಲ್ಲ ಇದು” ಎಂದು ಶುರು. ಆಮೇಲೆ ಗದ್ದೆ, ತಂತಿ, ಗಿಣಿ, ರುಬ್ಬುವ ಕಲ್ಲು. ಯಾರು ಹಾಡಿದ್ದು ಎನ್ನುವಲ್ಲಿಗೆ ಬಂದಾಗ ಮಾತು ನಿಲ್ಲುತ್ತಿತ್ತು. “ಅದೊಂದು ಗೊತ್ತಾಗ್ಬೇಕು ನೋಡು” ಅನ್ನುತ್ತಿದ್ದ.

ಗೊತ್ತಾಯಿತು, ಬಹಳ ವರ್ಷಗಳ ಮೇಲೆ. ಮೂಡಿಗೆರೆಯಲ್ಲಿ ಇಂಟರ್ನೆಟ್ ಸೆಂಟರ್ ಬಂದಿತ್ತು. ಅಷ್ಟು ಹೊತ್ತಿಗೆ ಕ್ಯಾಸೆಟ್ ತುಂಬಿಸುವವರು ಕಡಿಮೆಯಾಗಿದ್ದರು. ಪೇಟೆಯವರು ಸೀಡಿ ಕೊಳ್ಳುತ್ತಿದ್ದರು, ಹುಡುಗರು ಫೋನಿಗೆ ಹಾಡು ಹಾಕಿಸಿಕೊಳ್ಳುತ್ತಿದ್ದರು. ಎಸ್ಟೇಟ್ ಲೈನುಗಳಲ್ಲಿ ಇರುವ ಕೆಲಸದವರು, ವಯಸ್ಸಾದವರು ಮಾತ್ರ ರುದ್ರಪ್ಪನ ಹತ್ತಿರ ಬರುತ್ತಿದ್ದರು. ಒಂದು ಭಾನುವಾರ ಅವನು ನನ್ನನ್ನು ಮೂಡಿಗೆರೆಗೆ ಎಳೆದುಕೊಂಡು ಹೋದ. ನಾನು ಹಿಂದೆ ಕೇಳಿ ಬರೆದುಕೊಟ್ಟಿದ್ದ ಸಾಲುಗಳು ಅವನಿಗೆ ಬಾಯಿಗೆ ಬರುತ್ತಿದ್ದವು. ಅವನು ಹೇಳಿದ, ನಾನು ಟೈಪ್ ಮಾಡಿದೆ.

ಪುಟ ತೆರೆಯಲು ಎಷ್ಟೋ ಹೊತ್ತು ಹಿಡಿಯಿತು. ಮೊದಲು ಅಕ್ಷರ, ಆಮೇಲೆ ಮೇಲಿನಿಂದ ಕೆಳಕ್ಕೆ ಪಟ್ಟಿಪಟ್ಟಿಯಾಗಿ ಒಂದು ಫೋಟೋ. ಸಮುದ್ರದ ಪಕ್ಕದ ಗೋಡೆಯ ಮೇಲೆ ಕೂತ ನಾಲ್ಕು ಜನ ಉದ್ದ ಕೂದಲಿನ ಹುಡುಗರು. ತಂಡದ ಹೆಸರು ಟಿನ್ ಹಾರ್ಬರ್. ಇಂಗ್ಲೆಂಡಿನ ಯಾವುದೋ ಸಣ್ಣ ಬಂದರಿನವರು. ಒಂದೇ ರೆಕಾರ್ಡು ಮಾಡಿದ್ದರು, ಮಾರಾಟವಾಗದೆ ತಂಡ ಒಡೆಯಿತು. ಹಾಡಿದವನು ಆಮೇಲೆ ಬಸ್ ಡ್ರೈವರ್ ಆಗಿದ್ದನಂತೆ. ಮೂವತ್ತು ವರ್ಷಗಳ ಮೇಲೆ ಯಾರೋ ಆ ರೆಕಾರ್ಡನ್ನು ಒಂದು ಹಳೇ ಅಂಗಡಿಯಲ್ಲಿ ಕಂಡು, ಸೀಡಿಯಾಗಿ ಮತ್ತೆ ತಂದಿದ್ದರು. ಈಗ ಅದನ್ನು ಹೊಗಳಿ ಬೇರೆ ಬೇರೆ ದೇಶದವರು ಬರೆದದ್ದು ಕೆಳಗೆ ಸಾಲಾಗಿ ಇತ್ತು.

“ಬಸ್ ಡ್ರೈವರ್ರಾ?” ರುದ್ರಪ್ಪ ಜೋರಾಗಿ ನಕ್ಕ. ಪಕ್ಕದಲ್ಲಿ ಕೂತಿದ್ದವರು ತಿರುಗಿ ನೋಡಿದರು. “ಅಂಗಡಿ ಎದುರಿಗೆ ದಿನಾ ನಿಲ್ತಾರಲ್ಲ, ಅವರಲ್ಲೂ ಯಾರ್ಯಾರು ಎಂತೆಂತ ಹಾಡಿ ಬಿಟ್ಟಿದಾರೋ!”

ಹಾಡಿನ ಒಂದು ತುಣುಕು ಅಲ್ಲಿ ಕೇಳಲು ಸಿಕ್ಕಿತು. ಹೆಡ್‌ಫೋನಿನ ಒಂದು ಕಿವಿ ಅವನಿಗೆ, ಒಂದು ನನಗೆ. ದನಿ ಒಡೆಯಿತು. ಆಮೇಲೆ ಹಾಡು ಯಾವ ತಡೆಯೂ ಇಲ್ಲದೆ ಮುಂದೆ ಹೋಯಿತು. ರುದ್ರಪ್ಪ ಹೆಡ್‌ಫೋನು ತೆಗೆದ.

“ಟಕ್ ಇಲ್ಲ ಮಾರಾಯ.”

“ಅದು ಗೀರು. ಇವರದ್ದು ಹೊಸ ಪ್ರತಿ.”

“ಗೊತ್ತು. ಆದ್ರೂ ಏನೋ ಬಿಟ್ಟುಹೋದ ಹಾಗೆ.”

ವಾಪಸ್ ಬರುವ ಬಸ್ಸಿನಲ್ಲಿ ಅವನು ತುಂಬ ಮಾತಾಡುತ್ತಾನೆಂದು ನಾನು ಎಣಿಸಿದ್ದೆ. ಕಿಟಕಿಯ ಹೊರಗೆ ನೋಡುತ್ತ ಕೂತ. ಬಣಕಲ್ ಹತ್ತಿರ ಬಂದಾಗ, “ಅಲ್ಲಿ ಕೇಳಿದ್ರು ನೋಡು” ಅಂದ. “ಎಷ್ಟು ಜನ ಕೇಳಿದಾರೆ. ಒಳ್ಳೇದೇ ಆಯ್ತು, ಪಾಪ, ಅವರಿಗೆ.” ಇಳಿಯಲು ಎದ್ದು, “ನಾನು ಅವರಿಗಿಂತ ಮೊದ್ಲೇ ಶುರು ಮಾಡಿದ್ದೆ. ಈ ಘಟ್ಟದಲ್ಲಿ ಎಷ್ಟು ಮನೇಲಿ ಹಾಕಿದೀನಿ ಆ ಹಾಡನ್ನ. ಒಬ್ಬರೂ ಕೇಳ್ಲಿಲ್ಲ” ಅಂದ.

ಹೊಟ್ಟೆಕಿಚ್ಚಿನ ಮಾತಲ್ಲ ಅದು. ಆ ಪುಟದ ಜನಕ್ಕೆ ಒಂದು ಸಾಲು ಬರೆ ಎಂದು ನಾನು ಎಷ್ಟು ಹೇಳಿದರೂ ಅವನು ಬರೆಯಲಿಲ್ಲ. ಅವರು ಕೇಳಿದರೆ ಅವನಿಗೆ ಸಾಲದು. ರಸ್ತೆಯಾಚೆಯಿಂದ, ಬಣಕಲ್‌ನಿಂದ, ಕೊಟ್ಟಿಗೆಹಾರದಿಂದ ಒಬ್ಬರು ಬರಬೇಕಿತ್ತು. ಆ ದಿನದ ಮೇಲೆ ಅವನ ಕತೆಗೆ ಕೊನೆ ಸಿಕ್ಕಿತು. ಮೊದಲು ಕೂತ್ಕೊಳ್ಳಿ ಎನ್ನುವಲ್ಲಿಂದ ಬಸ್ ಡ್ರೈವರ್‌ವರೆಗೆ ಪೂರ್ತಿ ಹೇಳುತ್ತಿದ್ದ. ಕೇಳುವವನು ನಾನೊಬ್ಬನೇ. ಆಮೇಲೆ ಅದನ್ನೂ ಕಡಿಮೆ ಮಾಡಿದ. ಅಂಗಡಿಯ ಮುಂದೆ ರೀಚಾರ್ಜ್ ಕೂಪನ್ನುಗಳ ಬೋರ್ಡು ಬಂತು. ಯಾರಾದರೂ ಮೆಟ್ಟಿಲು ಹತ್ತಿದರೆ ಮೊದಲು ಅವನ ಕಣ್ಣು ಅವರ ಕೈಗೆ ಹೋಗುತ್ತಿತ್ತು, ಕ್ಯಾಸೆಟ್ ಇದೆಯೋ ಎಂದು. ಇರುತ್ತಿದ್ದದ್ದು ಫೋನು.

ಎರಡು ಸಾವಿರದ ಏಳರ ಏಪ್ರಿಲ್‌ನಲ್ಲಿ ಅವನು ತೀರಿಕೊಂಡ. ಹೃದಯಾಘಾತ. ನಾನು ಎಸ್ಸೆಸ್ಸೆಲ್ಸಿ ಪೇಪರ್ ತಿದ್ದಲು ಚಿಕ್ಕಮಗಳೂರಿಗೆ ಹೋಗಿದ್ದೆ. ಕೃಷ್ಣಪ್ಪ ಮಧ್ಯಾಹ್ನ ಊಟಕ್ಕೆ ಕರೆಯಲು ಹೋಗಿ ನೋಡಿದರಂತೆ, ಟೇಪ್ ಡೆಕ್ಕಿನ ಮುಂದೆ ಕೂತ ಹಾಗೇ ಇದ್ದನಂತೆ. ನಾನು ಬರುವಾಗ ಎಲ್ಲ ಮುಗಿದಿತ್ತು. ಹೂಮಳೆ ಬಿದ್ದು ಕಾಫಿ ತೋಟಗಳೆಲ್ಲ ಬೆಳ್ಳಗೆ ಹೂ ಬಿಟ್ಟಿದ್ದವು. ಬಸ್ಸಿನೊಳಗೂ ಆ ವಾಸನೆ ಇತ್ತು. ಈ ವರ್ಷ ಅದು ನನಗೆ ಹಿಡಿಸಲಿಲ್ಲ.

ಅಂಗಡಿ ಖಾಲಿ ಮಾಡುವಾಗ ಅವನ ಅಕ್ಕ ನಂಜಮ್ಮ, “ಇದೆಲ್ಲ ನಮಗೆ ಗೊತ್ತಾಗಲ್ಲ ಮೇಷ್ಟ್ರೇ, ನೀವೇ ತಗೊಂಡು ಹೋಗಿ” ಅಂದರು. ಮೇಲಿನ ಹಲಗೆಯವರೆಲ್ಲ ನನ್ನ ಮನೆಗೆ ಬಂದರು. ಜೊತೆಗೆ ರಿಪೇರಿಗೆಂದು ಕೊಟ್ಟು, ಜನ ವಾಪಸ್ ಒಯ್ಯದೆ ಬಿಟ್ಟಿದ್ದ ಕೆಲವು ಕ್ಯಾಸೆಟ್ಟುಗಳೂ ಇದ್ದವು. ಡಬ್ಬಿಯ ಮೇಲೆ ಅವನು ಹೆಸರು ಬರೆದಿಟ್ಟಿದ್ದ. ರಜೆ ಬಂದಾಗ ಒಂದೊಂದನ್ನೇ ಅವರವರಿಗೆ ಮುಟ್ಟಿಸಲು ಹೊರಟೆ. ಬೇರೇನು ಮಾಡಬೇಕೆಂದು ತೋಚಲಿಲ್ಲ. ಹೆಚ್ಚಿನವರ ಮನೆಯಲ್ಲಿ ಟೇಪ್ ರೆಕಾರ್ಡರೇ ಇರಲಿಲ್ಲ. ಬಾಗಿಲಲ್ಲೇ ತೆಗೆದುಕೊಂಡು, ಪಾಪ, ಒಳ್ಳೆಯ ಮನುಷ್ಯ ಎಂದು ಒಳಗೆ ಹೋದರು.

ಕೊನೆಗೆ ಉಳಿದದ್ದು ಜವರಮ್ಮನ ಕ್ಯಾಸೆಟ್ಟು. ಕೊಟ್ಟಿಗೆಹಾರದ ದಾರಿಯಲ್ಲಿ ಒಂದು ಎಸ್ಟೇಟಿನ ಲೈನಿನಲ್ಲಿ ಆಕೆ ಇದ್ದರು. ವಯಸ್ಸಾಗಿತ್ತು, ತೋಟದ ಕೆಲಸ ಬಿಟ್ಟಿದ್ದರು. ಮಳೆ ಬಿಟ್ಟು ಹೊಳವಾಗಿದ್ದ ಒಂದು ಬೆಳಿಗ್ಗೆ ಹೋದೆ. ಆಕೆ ಜಗುಲಿಯಲ್ಲಿ ಕೂತು ಬಿದಿರಿನ ಬುಟ್ಟಿಯ ಹರಿದ ಅಂಚು ಕಟ್ಟುತ್ತಿದ್ದರು. ಕ್ಯಾಸೆಟ್ ಕೈಗೆ ಕೊಟ್ಟೆ. ರುದ್ರಪ್ಪನ ಸುದ್ದಿ ಅವರಿಗೆ ಮುಟ್ಟಿತ್ತು.

“ರುದ್ರಪ್ಪಣ್ಣ ಹೋಗ್ಬಿಟ್ರಂತೆ. ನಮ್ಮಂಥೋರು ಇರ್ತೀವಿ ನೋಡಿ” ಅಂದರು. ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. “ಟೇಪು ಸಿಕ್ಕಾಕಿ ತುಂಡಾಗಿತ್ತು. ಅಂಟಿಸ್ದಾಗ ಮಗುಚೋ ಹಾಡು ಹೋಯ್ತೋ ಇದೆಯೋ, ನೋಡಿದ್ರಾ ಮೇಷ್ಟ್ರೇ?”

“ಮಗುಚೋ ಹಾಡಾ? ಅದ್ಯಾವುದು?”

“ಗೊತ್ತಿಲ್ವಾ? ಈ ಕಡೆ ಮುಗೀತು, ಎದ್ದು ಕ್ಯಾಸೆಟ್ ಮಗುಚಿ ಹಾಕಿ ಅಂತ ಒಬ್ಬ ಇಂಗ್ಲೀಷಲ್ಲಿ ಹಾಡ್ತಾನಲ್ಲ, ಅದು.”

ನಾನು ಜಗುಲಿಯ ಅಂಚಿನಲ್ಲಿ ಕೂತೆ.

“ಎಲ್ಲಾ ಕ್ಯಾಸೆಟ್ಟಲ್ಲೂ ಇರುತ್ತೆ” ಎಂದು ಆಕೆ ನನಗೆ ತಿಳಿಸಿ ಹೇಳಿದರು. “ಕಂಪನಿಯೋರೇ ಹಾಕಿರ್ತಾರೆ. ಈ ಲೈನಲ್ಲಿ ಯಾರನ್ನ ಬೇಕಾದ್ರೂ ಕೇಳಿ. ಒಂದ್ಸಲ ನನ್ನ ಮಗ ಚಿಕ್ಕಮಗಳೂರಿಂದ ಕ್ಯಾಸೆಟ್ ತಂದಿದ್ದ, ಮಗುಚೋ ಹಾಡೇ ಇಲ್ಲ! ಬಸ್ ಹತ್ಕೊಂಡು ಹೋಗಿ ಅಂಗಡಿಯವನ ಹತ್ರ ಜಗಳ ಆಡ್ದೆ. ಅರ್ಧಂಬರ್ಧ ಕ್ಯಾಸೆಟ್ ಕೊಟ್ಟು ಯಾಮಾರಿಸ್ತೀಯೇನೋ ಅಂತ. ಅವನು ನನ್ನ ಮುಖ ಮುಖ ನೋಡಿದ.”

ನಗು ಬಂತು. ಈ ಮಾತು ಹೇಳಲು ಸಂಜೆ ಹೋಗುವ ಅಂಗಡಿ ಈಗ ಇಲ್ಲವೆಂದು ನೆನಪಾಗಿ ನಗು ನಿಂತಿತು.

ಆಕೆ ಒಳಗಿನಿಂದ ಟೇಪ್ ರೆಕಾರ್ಡರ್ ತಂದರು. ಕ್ಯಾಸೆಟ್ ಹಾಕಿ, ಮುಂದಕ್ಕೆ ಓಡಿಸಿ, ಸರಿಯಾದ ಜಾಗದಲ್ಲಿ ನಿಲ್ಲಿಸಿದರು. ದೇವರ ಹಾಡು ಮುಗಿಯಿತು, ಗಿಟಾರು ಶುರುವಾಯಿತು. ರುದ್ರಪ್ಪ ಅದನ್ನು ತುಂಡಾಗಲು ಬಿಟ್ಟಿರಲಿಲ್ಲ. ಜವರಮ್ಮ ಬುಟ್ಟಿ ಕೈಗೆತ್ತಿಕೊಂಡು ರಾಗಕ್ಕೆ ಗುನುಗಿದರು. ಮಾತು ಗೊತ್ತಿಲ್ಲ, ರಾಗ ಒಂದಿಷ್ಟೂ ತಪ್ಪಲಿಲ್ಲ. ಮೇಲಿನ ಸ್ವರಕ್ಕೆ ಹೋದಾಗ ಆಕೆಯ ದನಿಯೂ ಒಡೆಯಿತು. ಅದಾದ ಕೂಡಲೇ, ಗೀರು ಸಿಗುವ ಜಾಗದಲ್ಲಿ, ನಾಲಿಗೆಯಿಂದ ‘ಟಕ್’ ಅಂದರು. ಪಕ್ಕದ ಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಹೆಂಗಸು ತಲೆ ಎತ್ತದೆಯೇ ತಾನೂ ‘ಟಕ್’ ಅಂದಳು.

ಹಾಡು ಮುಗಿದು ಬಟನ್ನು ಮೇಲೆ ಹಾರಿತು. ಜವರಮ್ಮ ಮಗುಚಲಿಲ್ಲ.

“ಹೇಳ್ಬಾರ್ದು, ದೇವರ ಹಾಡಿಗಿಂತ ನಂಗೆ ಇದೇ ಇಷ್ಟ” ಅಂದರು. “ನಮ್ಮನೆಯೋರು ಹೋದ್ಮೇಲೆ ಇದು ಬರೋವರ್ಗೂ ಕಾದು ಕೂತಿರ್ತಿದ್ದೆ. ಆಮೇಲೆ ಹಿಂದಕ್ಕೆ ಓಡಿಸಿ ಇನ್ನೊಂದ್ಸಲ.” ಬುಟ್ಟಿಯ ಅಂಚನ್ನು ಬಿಗಿದು ಗಂಟು ಹಾಕಿದರು. ಆಮೇಲೆ, “ಯಾರು ಮೇಷ್ಟ್ರೇ ಇದನ್ನ ಹಾಡಿರೋದು? ನಿಮಗೆ ಇಂಗ್ಲೀಷ್ ಬರುತ್ತಲ್ಲ” ಅಂದರು.

ಇದಕ್ಕೆ ಉತ್ತರ ನನ್ನದಲ್ಲ. ಆದರೆ ಅದು ನನ್ನ ಹತ್ತಿರ ಮಾತ್ರ ಇತ್ತು.

“ಮೊದಲು ಕೂತ್ಕೊಳ್ಳಿ” ಅಂದೆ. “ನಿಂತ್ಕೊಂಡು ಕೇಳೋ ಕತೆ ಅಲ್ಲ ಇದು.”

“ಕೂತೇ ಇದೀನಲ್ಲ” ಅಂದರು ಜವರಮ್ಮ.

ಅವನು ಹೇಳುತ್ತಿದ್ದ ಕ್ರಮದಲ್ಲೇ ಹೇಳಿದೆ. ಗದ್ದೆ, ತಂತಿ, ಗಿಣಿ. ರುಬ್ಬುವ ಕಲ್ಲಿನ ಹತ್ತಿರ ಅವನು ಒಂದು ನಗೆ ನಗುತ್ತಿದ್ದ, ಅದು ನನಗೆ ಬರಲಿಲ್ಲ. ಗೀರು ಏಕೆ ಬಂತು ಎಂದು ಹೇಳಿದೆ. ಬಂದರಿನ ಹುಡುಗರನ್ನು, ಬಸ್ ಡ್ರೈವರ್ ಆದವನನ್ನು ಹೇಳಿದೆ. ಅವನು ಎಂದೂ ಹೇಳದೆ ಇದ್ದದ್ದನ್ನೂ ಕೊನೆಗೆ ಸೇರಿಸಿದೆ: ಈ ಹಾಡು ಬೇರೆ ಯಾವ ಊರಿನ ಕ್ಯಾಸೆಟ್ಟಿನಲ್ಲೂ ಇಲ್ಲ, ಕಂಪನಿಯವರು ಹಾಕಿದ್ದಲ್ಲ, ರುದ್ರಪ್ಪ ಹಾಕಿದ್ದು. ಯಾರಾದರೂ ಬಂದು ಕೇಳಲಿ ಎಂದು.

ಪಕ್ಕದ ಮನೆಯವಳು ಅಕ್ಕಿಯ ಮೊರ ಕೆಳಗಿಟ್ಟು ಹತ್ತಿರ ಬಂದು ನಿಂತಿದ್ದಳು. ಜವರಮ್ಮ ಕ್ಯಾಸೆಟ್ಟನ್ನು ಹೊರತೆಗೆದು ಸೆರಗಿನಿಂದ ಒರೆಸಿದರು.

“ವರ್ಷಕ್ಕೆ ಎಷ್ಟು ಸಲ ಹೋಗ್ತಿದ್ದೆ ಆ ಅಂಗಡಿಗೆ” ಅಂದರು. “ಕ್ಯಾಸೆಟ್ ಕೊಡ್ತಿದ್ರು, ನನ್ನ ಮುಖ ನೋಡ್ತಿದ್ರು. ಇನ್ನೂ ಏನೋ ಹೇಳ್ತಾರೇನೋ ಅಂತ ನಾನೂ ನಿಂತಿರ್ತಿದ್ದೆ. ಬಾಯಿಬಿಟ್ಟು ಹೇಳ್ಬಾರ್ದಿತ್ತಾ, ಮೇಷ್ಟ್ರೇ?”

“ನಾನೂ ಅವನಿಗೆ ಅದನ್ನೇ ಹೇಳಿದ್ದೆ” ಅಂದೆ. ಆಕೆ ಕಾಫಿ ಕೊಟ್ಟರು, ಕುಡಿದೆ. ಹೊರಡುವಾಗ ಎಸ್ಟೇಟಿನ ಗೇಟಿನವರೆಗೆ ಬಂದರು. ಬಣಕಲ್ ಕಡೆಯ ಬಸ್ಸು ಬರುವುದು ತಡವಾಯಿತು, ಅಷ್ಟು ಹೊತ್ತೂ ಆಕೆ ನನ್ನ ಜೊತೆ ಕಾದು ನಿಂತಿದ್ದರು.